‘ಅಗತ್ಯ ತೈಲ’ ಯಾರಿಗೆ ಅಗತ್ಯ?

ಸಂಪಾದಕರಿಗೆ,

ಮಾನ್ಯರೇ,

ಎಸ್ಸೆಸ್ಸೆಲ್ಸಿ ಓದುತ್ತಿರುವ ನನ್ನ ಮೊಮ್ಮಗಳು ಸಂಜೆ ಹೋಗುವ ಮನೆಪಾಠದ ಕೇಂದ್ರದಿಂದ ಕಳೆದ ತಿಂಗಳು ಪೋಷಕರಿಗೆಲ್ಲ ಒಂದು ಸುತ್ತೋಲೆ ಬಂತು. ‘ಅಗತ್ಯ ತೈಲ’ಗಳನ್ನು ಮೂಸುವುದರಿಂದ ಕಣ್ಣಿನ ಏಕಾಗ್ರತೆ ಹೆಚ್ಚುತ್ತದೆಂಬುದು ವಿಜ್ಞಾನದಿಂದ ಸಿದ್ಧವಾಗಿದೆ, ಆದಕಾರಣ ಪ್ರತಿಯೊಬ್ಬ ವಿದ್ಯಾರ್ಥಿಯೂ ಪುದೀನ, ರೋಸ್‌ಮರಿ ಮತ್ತು ಲ್ಯಾವೆಂಡರ್ ತೈಲಗಳ ಮೂರು ಶೀಸೆಗಳಿರುವ ಪೆಟ್ಟಿಗೆಯನ್ನು ಕೇಂದ್ರದಿಂದಲೇ ಕೊಳ್ಳುವುದು, ತರಗತಿಯಲ್ಲಿ ದಿನವಿಡೀ ತೈಲವನ್ನು ಆವಿಯಾಗಿ ಗಾಳಿಗೆ ಹರಡುವ ಡಿಫ್ಯೂಸರ್ ಎಂಬ ಉಪಕರಣವನ್ನು ಉರಿಸಲಾಗುವುದರಿಂದ ಅದರ ಪಾಲನ್ನೂ ಶುಲ್ಕದೊಂದಿಗೆ ಕಟ್ಟುವುದು ಎಂದು ಅದರಲ್ಲಿ ಬರೆದಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನೆಲೆಸಿರುವ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿದವನು. ‘ವಿಜ್ಞಾನದಿಂದ ಸಿದ್ಧವಾಗಿದೆ’ ಎಂಬ ಮಾತನ್ನು ಕಂಡರೆ ಏನನ್ನು ಅಳೆದರು, ಯಾರ ಮೇಲೆ ಅಳೆದರು, ಎಷ್ಟು ಹೊತ್ತು ಅಳೆದರು ಎಂದು ಕೇಳುವ ಚಾಳಿ ನಿವೃತ್ತಿಯ ನಂತರವೂ ಹೋಗಿಲ್ಲ. ಈ ಪ್ರಶ್ನೆಗಳನ್ನು ಹಿಡಿದು ಓದಿಕೊಂಡದ್ದನ್ನು, ಇದೇ ಬಗೆಯ ಸುತ್ತೋಲೆಗಳನ್ನು ಕೈಯಲ್ಲಿ ಹಿಡಿದು ಕುಳಿತಿರಬಹುದಾದ ಇತರ ಪೋಷಕರ ಗಮನಕ್ಕೆ ತರುವುದಕ್ಕಾಗಿ ಈ ಪತ್ರ. ಸ್ವಲ್ಪ ದೀರ್ಘವಾಗಿರುವುದಕ್ಕೆ ಕ್ಷಮೆಯಿರಲಿ.

ಮೊದಲಿಗೆ ಹೆಸರಿನ ವಿಚಾರ. ‘ಅಗತ್ಯ ತೈಲ’ ಎಂಬುದು ಯಾರೋ ನಿಘಂಟು ನೋಡಿ, ಅಥವಾ ಯಂತ್ರದಿಂದ ಮಾಡಿಸಿಕೊಂಡ ಅನುವಾದ. ಇಂಗ್ಲಿಷಿನ ‘ಎಸೆನ್ಶಿಯಲ್’ ಎಂಬ ವಿಶೇಷಣ ಇಲ್ಲಿ ‘ಎಸೆನ್ಸ್’, ಅಂದರೆ ಸಾರ ಎಂಬ ಮಾತಿನಿಂದ ಬಂದದ್ದೇ ಹೊರತು ಅಗತ್ಯ ಎಂಬ ಅರ್ಥದಿಂದಲ್ಲ. ಎಲೆ, ಹೂ, ತೊಗಟೆ, ಬೇರು, ಚೇಗುಗಳನ್ನು ಹಬೆಯಲ್ಲಿ ಭಟ್ಟಿ ಇಳಿಸಿ ತೆಗೆದ, ಗಾಳಿಗೆ ಬಿಟ್ಟರೆ ಆರಿಹೋಗುವ ಪರಿಮಳದ ಸಾರವೇ ಈ ತೈಲ. ಇದನ್ನು ಶಿವಮೊಗ್ಗ ಜಿಲ್ಲೆಯವರಿಗೆ ಯಾರೂ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದೆಣ್ಣೆ ತೆಗೆಯಲು ತೊಡಗಿದ ಮೈಸೂರು ಸಂಸ್ಥಾನವು 1944ರಲ್ಲಿ ಶಿವಮೊಗ್ಗದಲ್ಲಿಯೂ ಒಂದು ಗಂಧದೆಣ್ಣೆ ಕಾರ್ಖಾನೆಯನ್ನು ಸ್ಥಾಪಿಸಿತ್ತು. ಲಾವಂಚದ ಬೇರು, ಏಲಕ್ಕಿ, ದಾಲ್ಚಿನ್ನಿ, ನೀಲಗಿರಿ ಸೊಪ್ಪು, ನಿಂಬೆಹುಲ್ಲು ಇವೆಲ್ಲದರಲ್ಲಿಯೂ ಇರುವುದು ಇಂಥ ತೈಲವೇ. ‘ಸುಗಂಧ ತೈಲ’ ಎಂದೋ ‘ಸಾರತೈಲ’ ಎಂದೋ ಬರೆದಿದ್ದರೆ ಪೋಷಕರಲ್ಲಿ ಅರ್ಧದಷ್ಟು ಜನ ಕೊಳ್ಳುವ ಮೊದಲು ಒಮ್ಮೆ ಯೋಚಿಸುತ್ತಿದ್ದರೇನೋ. ‘ಅಗತ್ಯ’ ಎಂದು ಅಚ್ಚಾದ ಮೇಲೆ ಮಗುವಿಗೆ ಅಗತ್ಯವಾದದ್ದನ್ನು ಯಾವ ತಾಯಿ ತಾನೇ ಬೇಡವೆಂದಾಳು?

ಇನ್ನು ಕಣ್ಣಿನ ಏಕಾಗ್ರತೆ. ನಮ್ಮ ಕಡೆ ಇದನ್ನು ನೋಡಬೇಕೆಂದರೆ ಅಡಿಕೆ ಆರಿಸುವ ಜಾಗಕ್ಕೆ ಹೋಗಬೇಕು. ಬೇಯಿಸಿ ಒಣಗಿಸಿದ ಅಡಿಕೆಯ ರಾಶಿಯ ಮುಂದೆ ಕುಳಿತು ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂಬ ದರ್ಜೆಗಳಾಗಿ ಬೇರ್ಪಡಿಸುವ ಹೆಂಗಸರ ಬೆರಳು ಯಂತ್ರದಂತೆ ಓಡುತ್ತಿದ್ದರೂ, ನಿಜವಾದ ಕೆಲಸ ನಡೆಯುವುದು ಕಣ್ಣಿನಲ್ಲಿ. ಒಂದೇ ತೆರನಾಗಿ ಕಾಣುವ ನೂರಾರು ಅಡಿಕೆಗಳ ನಡುವೆ ಬಣ್ಣದಲ್ಲಿ ಕೂದಲೆಳೆಯಷ್ಟು ಬೇರೆಯಾದ ಒಂದನ್ನು ಅವರು ತಪ್ಪದೆ ಹಿಡಿಯಬೇಕು. ಮೊದಲ ಅರ್ಧ ಗಂಟೆಯಲ್ಲಿ ತಪ್ಪು ಇರುವುದಿಲ್ಲ. ಹೊತ್ತು ಹೋದಂತೆ ಗೊರಬಲು ಬೆಟ್ಟೆಯ ಜೊತೆಗೆ ಸೇರತೊಡಗುತ್ತದೆ, ಆಗ ಹಿರಿಯಾಕೆ ಎದ್ದು ಎಲೆ ಅಡಿಕೆ ಹಾಕಿಕೊಳ್ಳಲು ಎಲ್ಲರಿಗೂ ಬಿಡುವು ಕೊಡುತ್ತಾಳೆ. ಇದೇ ಸಂಗತಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರ್ ಪರದೆಯನ್ನು ಕಾಯುತ್ತಿದ್ದ ಬ್ರಿಟಿಷ್ ವಾಯುಪಡೆಯವರಲ್ಲಿ ಗಮನಿಸಿದ ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನೋವಿಜ್ಞಾನಿ ಒಂದು ಗಡಿಯಾರ ಪರೀಕ್ಷೆಯನ್ನು ರೂಪಿಸಿದರು. ಸೆಕೆಂಡಿಗೊಮ್ಮೆ ಒಂದು ಹೆಜ್ಜೆ ಇಡುವ ಮುಳ್ಳು ಅಪರೂಪಕ್ಕೆ ಎರಡು ಹೆಜ್ಜೆಯನ್ನು ಒಟ್ಟಿಗೆ ಹಾರುತ್ತದೆ, ಆ ಜಿಗಿತವನ್ನು ಎರಡು ಗಂಟೆಗಳ ಕಾಲ ಗುರುತಿಸುತ್ತಿರಬೇಕು. 1948ರಲ್ಲಿ ಅವರು ಪ್ರಕಟಿಸಿದಂತೆ, ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿಯೇ ಜಿಗಿತಗಳು ಕಣ್ಣು ತಪ್ಪಿಸಿಕೊಳ್ಳತೊಡಗುತ್ತವೆ. ಸುಗಂಧ ಮತ್ತು ಏಕಾಗ್ರತೆಯ ಬಗೆಗಿನ ಎಷ್ಟೋ ಪ್ರಯೋಗಗಳು ಅಳೆದದ್ದು ಈ ಕುಸಿತವನ್ನೇ. ಪಾಠ ಅರ್ಥವಾಗುವುದನ್ನಾಗಲಿ, ಅರ್ಥವಾದದ್ದು ಪರೀಕ್ಷೆಯ ದಿನ ನೆನಪಾಗುವುದನ್ನಾಗಲಿ ಅವು ಅಳೆದಿಲ್ಲ. ಸುತ್ತೋಲೆ ಬರೆದವರು ಜಾಣತನದಿಂದಲೋ ಅರಿಯದೆಯೋ ಈ ಎರಡನ್ನೂ ಒಂದೇ ಮಾಡಿದ್ದಾರೆ.

ಅವರು ಆಧಾರವಾಗಿ ಹೇಳಬಹುದಾಗಿದ್ದ ಒಳ್ಳೆಯ ಪ್ರಯೋಗ ಇಲ್ಲದಿಲ್ಲ. 1991ರಲ್ಲಿ ಜೋಯಲ್ ವಾರ್ಮ್, ವಿಲಿಯಂ ಡೆಂಬರ್ ಮತ್ತು ರಾಜಾ ಪರಶುರಾಮನ್ ಅವರು ಅಮೆರಿಕದಲ್ಲಿ ಜನರನ್ನು ನಲವತ್ತು ನಿಮಿಷಗಳ ಕಾಲ ಪರದೆಯ ಮುಂದೆ ಕೂರಿಸಿ ಸೂಕ್ಷ್ಮವಾದ ದೃಶ್ಯ ಸಂಕೇತಗಳನ್ನು ಗುರುತಿಸುವ ಕೆಲಸ ಕೊಟ್ಟರು. ಕೆಲವರಿಗೆ ನಡುನಡುವೆ ಪುದೀನದ ಜಾತಿಯ ಪೆಪ್ಪರ್‌ಮಿಂಟಿನ ಇಲ್ಲವೇ ಮ್ಯೂಗೆ ಎಂಬ ಬಿಳಿಹೂವಿನ ಪರಿಮಳದ ಗಾಳಿಯನ್ನು ಅರ್ಧ ನಿಮಿಷದಷ್ಟು ಹೊತ್ತು ಬಿಡಲಾಯಿತು, ಉಳಿದವರಿಗೆ ವಾಸನೆಯಿಲ್ಲದ ಗಾಳಿ. ಪರಿಮಳ ಸಿಕ್ಕವರು ಹೆಚ್ಚು ಸಂಕೇತಗಳನ್ನು ಹಿಡಿದರು. ಪೆಪ್ಪರ್‌ಮಿಂಟು ಚುರುಕುಗೊಳಿಸುತ್ತದೆ, ಹೂವಿನ ಗಂಧ ಹಾಯೆನಿಸುತ್ತದೆ ಎಂದು ನಾವು ನಂಬಿರುವಾಗ ಎರಡರಿಂದಲೂ ಒಂದೇ ದಿಕ್ಕಿನ ಫಲ ಸಿಕ್ಕಿತೆಂಬುದು ಕುತೂಹಲದ ಸಂಗತಿ. ಪರಿಮಳವನ್ನು ಒಂದೇ ಸಮನೆ ಕೊಡದೆ, ಬಿಟ್ಟು ಬಿಟ್ಟು ಕೊಟ್ಟಿದ್ದರು ಎಂಬ ಅಂಶವನ್ನು ಓದುಗರು ದಯವಿಟ್ಟು ನೆನಪಿಡಬೇಕು, ಮುಂದೆ ಅದರ ಕೆಲಸವಿದೆ.

ಲ್ಯಾವೆಂಡರಿನ ಕತೆ ಇದಕ್ಕಿಂತ ಗೋಜಲು. 1998ರಲ್ಲಿ ಮಯಾಮಿಯ ಸಂಶೋಧಕರು ನಲವತ್ತು ಮಂದಿಗೆ ಮೂರು ನಿಮಿಷ ಲ್ಯಾವೆಂಡರ್ ಅಥವಾ ರೋಸ್‌ಮರಿ ಮೂಸಲು ಕೊಟ್ಟು ಲೆಕ್ಕ ಮಾಡಿಸಿದಾಗ, ಲ್ಯಾವೆಂಡರ್ ಮೂಸಿದವರು ಬೇಗನೆಯೂ ಹೆಚ್ಚು ಸರಿಯಾಗಿಯೂ ಮಾಡಿದರು, ರೋಸ್‌ಮರಿ ಮೂಸಿದವರು ಬೇಗ ಮಾಡಿದರೇ ಹೊರತು ತಪ್ಪು ಕಡಿಮೆಯಾಗಲಿಲ್ಲ. ಐದು ವರ್ಷಗಳ ನಂತರ, 2003ರಲ್ಲಿ, ಇಂಗ್ಲೆಂಡಿನ ನಾರ್ತಂಬ್ರಿಯಾ ವಿಶ್ವವಿದ್ಯಾಲಯದ ಮಾರ್ಕ್ ಮಾಸ್ ಮತ್ತು ಸಂಗಡಿಗರು 144 ಮಂದಿಯನ್ನು ಪರೀಕ್ಷಿಸಿದಾಗ ಲ್ಯಾವೆಂಡರ್ ಇದ್ದ ಕೋಣೆಯಲ್ಲಿ ಕುಳಿತವರ ಕಾರ್ಯಸ್ಮೃತಿ, ಅಂದರೆ ಕೆಲಸ ಮಾಡುವಾಗ ವಿಷಯವನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ, ಕುಗ್ಗಿತ್ತು, ಗಮನಕ್ಕೆ ಸಂಬಂಧಿಸಿದ ಕೆಲಸಗಳಲ್ಲಿ ಪ್ರತಿಕ್ರಿಯೆ ನಿಧಾನವಾಗಿತ್ತು. ರೋಸ್‌ಮರಿಯವರಲ್ಲಿ ನೆನಪಿನ ಗುಣಮಟ್ಟ ಹೆಚ್ಚಿದರೂ ನೆನಪಿಸಿಕೊಳ್ಳುವ ವೇಗ ತಗ್ಗಿತ್ತು. ಮತ್ತೆ ಐದು ವರ್ಷಕ್ಕೆ ಜಪಾನಿನಿಂದ ಬಂದ ವರದಿ, ದೀರ್ಘಕಾಲ ಒಂದೇ ಕೆಲಸ ಮಾಡುವಾಗ ಗಮನ ಕುಸಿಯುವುದನ್ನು ಲ್ಯಾವೆಂಡರ್ ತಡೆಯಿತು ಎಂದಿತು. ಮೂವರೂ ಸುಳ್ಳು ಹೇಳುತ್ತಿಲ್ಲ. ಮೂವರೂ ಅಳೆದ ಕೆಲಸ ಬೇರೆ, ಹೊತ್ತು ಬೇರೆ, ಕುಳಿತವರ ಮನಃಸ್ಥಿತಿ ಬೇರೆ. ಎಚ್ಚರ ತೀರ ಕಡಿಮೆಯಿದ್ದರೂ ಕೆಲಸ ಕೆಡುತ್ತದೆ, ತೀರ ಹೆಚ್ಚಾದರೂ ಕೆಡುತ್ತದೆ ಎಂಬುದು 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಮನೋವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಿಂದ ಎತ್ತಿಕೊಟ್ಟ ಹಳೆಯ ಮಾತು. ಗಾಬರಿಯಲ್ಲಿರುವ ಹುಡುಗನನ್ನು ಶಾಂತಗೊಳಿಸುವ ವಾಸನೆಯು ತೂಕಡಿಸುತ್ತಿರುವ ಹುಡುಗನನ್ನು ಪೂರ್ತಿ ಮಲಗಿಸಬಹುದು. ಹೀಗಿರುವಾಗ ನಲವತ್ತು ಮಕ್ಕಳ ಒಂದು ತರಗತಿಗೆ ಒಂದೇ ಡಿಫ್ಯೂಸರ್ ಇಟ್ಟು ಎಲ್ಲರ ಏಕಾಗ್ರತೆಯನ್ನೂ ಒಟ್ಟಿಗೆ ಏರಿಸುತ್ತೇವೆ ಎನ್ನುವುದು, ಊರಿಗೆಲ್ಲ ಒಂದೇ ಅಳತೆಯ ಕನ್ನಡಕ ಹಂಚಿದ ಹಾಗೆ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮಾತ್ರೆಯ ಪರೀಕ್ಷೆಯಲ್ಲಿ ಔಷಧಿಯಿರುವ ಮಾತ್ರೆಯನ್ನೂ ಬರಿಯ ಸಕ್ಕರೆಯ ಮಾತ್ರೆಯನ್ನೂ ಒಂದೇ ಆಕಾರದಲ್ಲಿ ಮಾಡಿ, ಯಾರಿಗೆ ಯಾವುದು ಸಿಕ್ಕಿತೆಂಬುದನ್ನು ಮರೆಮಾಚಬಹುದು. ವಾಸನೆಯನ್ನು ಮರೆಮಾಚುವುದು ಹೇಗೆ? ಮೂಸಿದವನಿಗೆ ತಾನು ಮೂಸಿದೆನೆಂದು ಗೊತ್ತಾಗಿಯೇ ಆಗುತ್ತದೆ, ಪುದೀನವೆಂದರೆ ಚುರುಕು ಎಂಬ ನಂಬಿಕೆ ಅವನೊಳಗೆ ಮೊದಲೇ ಇರುತ್ತದೆ. ಜರ್ಮನಿ ಮತ್ತು ಆಸ್ಟ್ರಿಯಾದ ಸಂಶೋಧಕರು 2001ರಲ್ಲಿ ‘ಕೆಮಿಕಲ್ ಸೆನ್ಸಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೆಪ್ಪರ್‌ಮಿಂಟ್, ಮಲ್ಲಿಗೆ ಜಾತಿಯ ಹೂ, ಯಲಾಂಗ್ ಯಲಾಂಗ್ ಎಂಬ ಹೂ, ಪುದೀನದ ತಂಪಿನ ಅಂಶವಾದ ಮೆಂಥಾಲ್ ಮುಂತಾದವನ್ನು ಕೊಟ್ಟು ಪ್ರತಿಕ್ರಿಯೆಯ ವೇಗವನ್ನು ಅಳೆದರು. ವೇಗವನ್ನು ನಿರ್ಧರಿಸುವುದರಲ್ಲಿ ತೈಲದ ನೇರ ಪರಿಣಾಮಕ್ಕಿಂತ, ಆ ವಾಸನೆ ತನಗೆ ಹೇಗೆನಿಸಿತು ಎಂಬ ವ್ಯಕ್ತಿಯ ಸ್ವಂತ ಅಭಿಪ್ರಾಯದ ಪಾತ್ರವೇ ಹೆಚ್ಚೆಂದು ಅವರಿಗೆ ಕಂಡಿತು. 2004ರ ಇನ್ನೊಂದು ಅಮೆರಿಕನ್ ಪ್ರಯೋಗದಲ್ಲಿ ಕೆಲವರಿಗೆ ಈ ವಾಸನೆ ಶಾಂತಗೊಳಿಸುತ್ತದೆಂದೂ ಕೆಲವರಿಗೆ ಉತ್ತೇಜಿಸುತ್ತದೆಂದೂ ಹೇಳಿ ಕೊಟ್ಟಾಗ, ಎದೆಬಡಿತ ಏರಿಳಿದದ್ದು ತೈಲಕ್ಕೆ ತಕ್ಕಂತಲ್ಲ, ಹೇಳಿದ ಮಾತಿಗೆ ತಕ್ಕಂತೆ.

ನಮ್ಮ ಮನೆಯಲ್ಲಿಯೂ ಇದರ ಒಂದು ತುಣುಕನ್ನು ಕಂಡೆ. ಪೆಟ್ಟಿಗೆ ಬಂದ ಮೊದಲ ವಾರ ಮೊಮ್ಮಗಳು ಪುದೀನ ತೈಲ ಅದ್ದಿದ ಹತ್ತಿಯನ್ನು ಒಂದು ಸಣ್ಣ ಡಬ್ಬಿಯಲ್ಲಿಟ್ಟುಕೊಂಡು, ಭೂಪಟ ತುಂಬುವಾಗಲೆಲ್ಲ ಮೂಸುತ್ತಿದ್ದಳು. “ಅಜ್ಜಾ, ಇದನ್ನ ಮೂಸಿದ್ರೆ ನದಿಗಳ ಗೆರೆ ಚೆನ್ನಾಗಿ ಕಾಣತ್ತೆ” ಎಂದು ನನಗೂ ಕೊಟ್ಟಳು. ನನ್ನ ಮೂಗಿಗೆ ಹತ್ತಿಯ ವಾಸನೆಯಲ್ಲದೆ ಬೇರೇನೂ ಸಿಗಲಿಲ್ಲ. ವಿಚಾರಿಸಿದರೆ, ಎಣ್ಣೆ ಹಾಕಿ ನಾಲ್ಕು ದಿನ ಕಳೆದಿತ್ತು, ಡಬ್ಬಿಯ ಮುಚ್ಚಳವೂ ಸಡಿಲ. ಅವಳ ಭೂಪಟ ಮಾತ್ರ ನಿಜವಾಗಿಯೂ ಅಚ್ಚುಕಟ್ಟಾಗಿತ್ತು. ಒಂದು ಕೆಲಸಕ್ಕೆ ಕೂರುವ ಮೊದಲು ಮಾಡುವ ಸಣ್ಣದೊಂದು ವಿಧಿ ಮನಸ್ಸನ್ನು ಆ ಕೆಲಸಕ್ಕೆ ಅಣಿಗೊಳಿಸುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ದೇವರ ಮುಂದಿನ ಊದುಬತ್ತಿಯಾದರೂ ಆದೀತು, ಮುಖ ತೊಳೆದು ಬರುವುದಾದರೂ ಆದೀತು. ಆರುನೂರೈವತ್ತು ರೂಪಾಯಿಯ ಪೆಟ್ಟಿಗೆಯೇ ಬೇಕೆಂದಿಲ್ಲ.

ಹಾಗಾದರೆ ಪುದೀನ ಮೂಸಿದಾಗ ಕಣ್ಣು ತೆರೆದಂತಾಗುವುದು ಬರಿಯ ಭ್ರಮೆಯೇ? ಅಲ್ಲ. ಮೂಗಿನೊಳಗೆ ಎರಡು ಬೇರೆ ಬೇರೆ ನರಗಳ ಕಾರಭಾರವಿದೆ. ವಾಸನೆಯನ್ನು ಗ್ರಹಿಸುವ ಘ್ರಾಣನರದ್ದು ಒಂದು ದಾರಿ. ಈ ದಾರಿಯಲ್ಲಿ ವಾಸನೆಯ ಕಣಗಳನ್ನು ಹಿಡಿಯುವ ಗ್ರಾಹಕಗಳ ವಂಶವಾಹಿಗಳನ್ನು ಗುರುತಿಸಿದ್ದಕ್ಕಾಗಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಪ್ರಶಸ್ತಿ ಬಂತು. ಕಣ್ಣು ಕಿವಿಗಳ ಸುದ್ದಿ ಮೊದಲು ಮಿದುಳಿನ ಥಲಾಮಸ್ ಎಂಬ ಠಾಣೆಯಲ್ಲಿ ಹಾಜರಿ ಹಾಕಿ ಮುಂದಕ್ಕೆ ಹೋಗುತ್ತದೆ, ವಾಸನೆಯ ಸುದ್ದಿ ಮಾತ್ರ ಆ ಠಾಣೆಯನ್ನು ಮುಟ್ಟುವ ಮೊದಲೇ ಭಾವನೆ, ನೆನಪುಗಳ ಭಾಗಗಳನ್ನು ತಲುಪಿಬಿಡುತ್ತದೆ. ಎರಡನೆಯದು ಮುಖದ ಚರ್ಮ, ಕಣ್ಣು, ಮೂಗಿನ ಒಳಪದರಗಳಲ್ಲಿ ಹರಡಿರುವ ಟ್ರೈಜೆಮಿನಲ್ ನರ. ಮೆಂಥಾಲ್ ತಾಗಿದಾಗ ತಣ್ಣಗಾಗುವುದನ್ನು, ನೀಲಗಿರಿ ತೈಲ ಚುರುಗುಟ್ಟುವುದನ್ನು ತಿಳಿಸುವುದು ಈ ನರ. ತಂಪನ್ನು ತಿಳಿಯುವ ಗ್ರಾಹಕವೇ ಮೆಂಥಾಲಿಗೂ ಎಚ್ಚೆತ್ತುಕೊಳ್ಳುತ್ತದೆಂಬುದನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಡೇವಿಡ್ ಜೂಲಿಯಸ್ ಅವರಿಗೆ, ಬಿಸಿ ತಂಪು ಸ್ಪರ್ಶಗಳ ಗ್ರಾಹಕಗಳ ಕೆಲಸಕ್ಕಾಗಿ 2021ರ ನೊಬೆಲ್ ಹಂಚಿಕೆಯಲ್ಲಿ ದೊರೆಯಿತು. ಹಾಗಾಗಿ ಪುದೀನ ಎಚ್ಚರಿಸುವುದರಲ್ಲಿ ಪರಿಮಳದ ಪಾಲಿಗಿಂತ, ಮುಖಕ್ಕೆ ತಣ್ಣೀರು ಎರಚಿದಂಥ ಚುರುಕಿನ ಪಾಲೂ ಕಡಿಮೆಯಿಲ್ಲ. ನಮ್ಮ ಕಾಲದ ಹಾಸ್ಟೆಲುಗಳಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣಿನ ಕೆಳಗೆ ಅಮೃತಾಂಜನ ಸವರಿಕೊಂಡು ಕೂರುತ್ತಿದ್ದ ಗೆಳೆಯರಿದ್ದರು. ಎಚ್ಚರವೇನೋ ಇರುತ್ತಿತ್ತು. ಕಣ್ಣಲ್ಲಿ ನೀರು ಹರಿದು ಅಕ್ಷರವೇ ಕಾಣುತ್ತಿರಲಿಲ್ಲ.

ಈಗ ಪರಿಮಳವನ್ನು ಬಿಟ್ಟು ಬಿಟ್ಟು ಕೊಡುವ ಮಾತಿಗೆ ಬರುತ್ತೇನೆ. ಸಾಗರ, ಸೊರಬಗಳ ಗುಡಿಗಾರರ ಮನೆಗೆ ಹೋದವರಿಗೆ ಹೊಸ್ತಿಲಲ್ಲಿಯೇ ಶ್ರೀಗಂಧದ ಪರಿಮಳ ಎದುರಾಗುತ್ತದೆ. ಉಗುರಿನಷ್ಟು ಅಗಲದ ಜಾಗದಲ್ಲಿ ಬಳ್ಳಿ, ಹೂ, ಆನೆಯ ಸೊಂಡಿಲನ್ನು ಕೊರೆಯುತ್ತ ಗಂಟೆಗಟ್ಟಲೆ ತಲೆಯೆತ್ತದ ಆ ಕುಶಲಿಗಳ ದೃಷ್ಟಿಯನ್ನು ನೋಡಿದಾಗ, ಗಂಧದ ಸಹವಾಸದಿಂದಲೇ ಇಂಥ ಏಕಾಗ್ರತೆ ಬಂದಿತೇನೋ ಎಂದು ಯಾರಿಗಾದರೂ ಅನಿಸೀತು. ಆದರೆ ಕೆತ್ತುತ್ತಿರುವವರನ್ನೇ ಕೇಳಿದರೆ ವಾಸನೆ ತಮಗೆ ಗೊತ್ತೇ ಆಗುವುದಿಲ್ಲ ಎನ್ನುತ್ತಾರೆ. ಒಂದೇ ವಾಸನೆ ಸತತವಾಗಿದ್ದರೆ ಮೂಗು ಕೆಲವೇ ನಿಮಿಷಗಳಲ್ಲಿ ಅದಕ್ಕೆ ಒಗ್ಗಿ ಸುಮ್ಮನಾಗುತ್ತದೆ. ಅಡಿಕೆಯ ಚೊಗರು ಕುದಿಯುವ ಮನೆಯವರಿಗೆ ಅದರ ವಾಸನೆ ಹತ್ತುವುದು ನೆಂಟರು ಬಂದು ಹೇಳಿದ ಮೇಲೆಯೇ. 1991ರ ಪ್ರಯೋಗದಲ್ಲಿ ಪರಿಮಳವನ್ನು ನಡುನಡುವೆ ಅರ್ಧ ನಿಮಿಷ ಕೊಟ್ಟಿದ್ದರು, ನಮ್ಮ ಮನೆಪಾಠದ ಕೇಂದ್ರದ ಡಿಫ್ಯೂಸರ್ ಮಧ್ಯಾಹ್ನದಿಂದ ರಾತ್ರಿಯವರೆಗೆ ಉರಿಯುತ್ತದೆ. ಆ ಪ್ರಯೋಗದ ಫಲವನ್ನು ಈ ಡಿಫ್ಯೂಸರಿಗೆ ಅಂಟಿಸಲು ಬರುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ವಾಸನೆ ಗೊತ್ತಾಗದಿದ್ದರೂ ತೈಲದ ಅಂಶ ಉಸಿರಿನ ಮೂಲಕ ರಕ್ತವನ್ನು ಸೇರುತ್ತದೆ. ಮಾಸ್ ಅವರೇ 2012ರಲ್ಲಿ ಇಪ್ಪತ್ತು ಮಂದಿಯನ್ನು ರೋಸ್‌ಮರಿ ಹರಡಿದ ಕೋಣೆಯಲ್ಲಿ ಕೂರಿಸಿ ರಕ್ತದಲ್ಲಿನ ಸಿನಿಯೋಲ್ ಎಂಬ ಅಂಶವನ್ನು ಅಳೆದಾಗ, ಕಳೆಯುವ ಲೆಕ್ಕ ಮತ್ತು ಕಣ್ಣಮುಂದೆ ವೇಗವಾಗಿ ಹಾಯುವ ಅಂಕಿಗಳನ್ನು ಗುರುತಿಸುವ ಕೆಲಸದಲ್ಲಿ ಅವರ ಸಾಧನೆಗೂ ಆ ಅಂಶದ ಪ್ರಮಾಣಕ್ಕೂ ನಂಟು ಕಂಡಿತು. ಈ ಸಿನಿಯೋಲ್ ನೀಲಗಿರಿ ತೈಲದ ಮುಖ್ಯ ಭಾಗ, ನಮ್ಮ ತೋಟದ ಏಲಕ್ಕಿಯಲ್ಲಿಯೂ ಸಾಕಷ್ಟಿದೆ. ಇಪ್ಪತ್ತು ಮಂದಿಯ ಒಂದು ಪ್ರಯೋಗದಿಂದ ಏಲಕ್ಕಿಯ ಬೆಲೆ ಏರಿಸಲು ಹೊರಡುವುದು ಬೇಡ, ಆದರೆ ಎಲ್ಲವೂ ನಂಬಿಕೆಯಷ್ಟೇ ಎಂದು ತಳ್ಳಿಹಾಕುವುದೂ ಸರಿಯಲ್ಲ. ಶ್ರೀಗಂಧದ ವಿಚಾರದಲ್ಲಂತೂ ನನ್ನ ನಂಬಿಕೆಯೇ ತಲೆಕೆಳಗಾಯಿತು. ಅದು ಮನಸ್ಸನ್ನು ತಣಿಸುತ್ತದೆಂದು ನಾವೆಲ್ಲ ಹಣೆಗೆ ಹಚ್ಚಿಕೊಂಡು ಬಂದವರು. 2006ರಲ್ಲಿ ವಿಯೆನ್ನಾದ ಸಂಶೋಧಕರು ಭಾರತದ ಶ್ರೀಗಂಧದ ತೈಲವನ್ನು ಮೂಸಲು ಕೊಟ್ಟು ಅಳೆದಾಗ ನಾಡಿಬಡಿತ ಮತ್ತು ರಕ್ತದೊತ್ತಡ ಏರುವ ಕಡೆಗಿದ್ದವು, ಅದರ ಮುಖ್ಯ ಘಟಕವಾದ ಆಲ್ಫಾ ಸ್ಯಾಂಟಲಾಲನ್ನು ಮೂಸಿದವರು ತಮ್ಮ ಗಮನ ಹೆಚ್ಚಿತೆಂದು ಹೇಳಿಕೊಂಡರು.

ಇಷ್ಟೆಲ್ಲದರ ನಡುವೆ ನನಗೆ ನಿಜವಾಗಿ ಬೆರಗು ತಂದದ್ದು ಬೇರೊಂದು ಬಗೆಯ ಸಂಶೋಧನೆ. ಚೀನಾದ ವೆನ್ ಝೌ ಮತ್ತು ಸಂಗಡಿಗರು 2010ರಲ್ಲಿ ಜನರ ಒಂದು ಕಣ್ಣಿಗೆ ಗುಲಾಬಿಯ ಚಿತ್ರವನ್ನೂ ಇನ್ನೊಂದು ಕಣ್ಣಿಗೆ ಮಾರ್ಕರ್ ಪೆನ್ನುಗಳ ಚಿತ್ರವನ್ನೂ ಒಂದೇ ಸಮಯದಲ್ಲಿ ತೋರಿಸಿದರು. ಹೀಗೆ ಮಾಡಿದಾಗ ಎರಡೂ ಚಿತ್ರ ಒಟ್ಟಿಗೆ ಕಾಣುವುದಿಲ್ಲ. ಸ್ವಲ್ಪ ಹೊತ್ತು ಇದು, ಸ್ವಲ್ಪ ಹೊತ್ತು ಅದು, ಹೀಗೆ ಸರದಿಯ ಮೇಲೆ ಕಾಣುತ್ತವೆ. ಆಗ ಗುಲಾಬಿಯ ಪರಿಮಳ ಕೊಟ್ಟರೆ ಗುಲಾಬಿ ಹೆಚ್ಚು ಹೊತ್ತು ನಿಂತಿತು, ಮಾರ್ಕರಿನ ಶಾಯಿಯಂಥ ವಾಸನೆ ಕೊಟ್ಟರೆ ಪೆನ್ನುಗಳು ನಿಂತವು. ಅದೇ ವರ್ಷ ಫ್ರಾನ್ಸಿನ ಸಂಶೋಧಕರು ಕಣ್ಣಿನ ಚಲನೆಯನ್ನು ಅಳೆದು, ಒಂದು ವಸ್ತುವಿನ ವಾಸನೆಯಿದ್ದಾಗ ಹಲವು ವಸ್ತುಗಳಿರುವ ಚಿತ್ರದಲ್ಲಿ ಕಣ್ಣು ಅದೇ ವಸ್ತುವಿನತ್ತ ಬೇಗ ಹೊರಳುತ್ತದೆಂದು ತೋರಿಸಿದರು. ಕಣ್ಣಿಗೆ ಎಲ್ಲಿ ನೋಡಬೇಕೆಂದು ಮೂಗು ಹೇಳಿಕೊಡುತ್ತದೆ ಎಂದಾಯಿತು. ಮಲೆನಾಡಿನವರು ಇದಕ್ಕೆ ಪ್ರಯೋಗಾಲಯ ಹುಡುಕಬೇಕಿಲ್ಲ. ಕಾಲುದಾರಿಯಲ್ಲಿ ನಡೆಯುವಾಗ ಸಂಪಿಗೆಯ ಪರಿಮಳ ಬಂದ ಕ್ಷಣ ತಲೆ ಮೇಲಕ್ಕೆ ಹೋಗುತ್ತದೆ. ಹಳ್ಳದ ದಂಡೆಯಲ್ಲಿ ಕೇದಿಗೆಯ ವಾಸನೆ ಸಿಕ್ಕರೆ ಮುಳ್ಳಿನ ಪೊದೆಯೊಳಗೆ ಕಣ್ಣು ತಡಕಾಡುತ್ತದೆ. ಮಳೆಗಾಲದ ಮೊದಲಲ್ಲಿ ಹಲಸು ಹಣ್ಣಾದ ವಾಸನೆ ಮೂಗಿಗೆ ಬಡಿದ ಮೇಲೆಯೇ, ದಿನವೂ ಅದೇ ಮರದ ಕೆಳಗೆ ಓಡಾಡುತ್ತಿದ್ದವರಿಗೆ ಎಲೆಯ ಮರೆಯ ಹಣ್ಣು ‘ಕಾಣುವುದು’. ಹಣ್ಣು ನಿನ್ನೆಯೂ ಅಲ್ಲಿಯೇ ಇತ್ತು.

ಇದನ್ನು ಸುತ್ತೋಲೆಯ ಪಕ್ಕದಲ್ಲಿಟ್ಟು ನೋಡಿ. ವಾಸನೆ ಗಮನವನ್ನು ತನ್ನ ಮೂಲದ ಕಡೆಗೆ ಎಳೆಯುತ್ತದೆ. ಪುದೀನದ ವಾಸನೆಯು ಪುದೀನದ ಕಡೆಗೆ, ಗುಲಾಬಿಯದು ಗುಲಾಬಿಯ ಕಡೆಗೆ. ತ್ರಿಕೋನಮಿತಿಗೆ ವಾಸನೆಯಿಲ್ಲ. ಜೂನ್ ತಿಂಗಳಲ್ಲಿ ಹೊಸ ಪಠ್ಯಪುಸ್ತಕವನ್ನು ತೆರೆದು ಮೂಗಿಗೆ ಹಿಡಿಯದ ಮಗುವನ್ನು ನನ್ನ ಸೇವೆಯಲ್ಲಿ ಕಂಡಿಲ್ಲ, ಆ ವಾಸನೆಯೂ ಆಗಸ್ಟಿನ ಹೊತ್ತಿಗೆ ಹೋಗಿರುತ್ತಿತ್ತು.

ಓದುವ ಮಕ್ಕಳಿಗಿಂತ ಹೆಚ್ಚಿನ ಆತಂಕ ನನಗಿರುವುದು ವಾಹನ ಚಾಲಕರ ವಿಚಾರದಲ್ಲಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ರಾತ್ರಿಯ ಮಂಜಿನಲ್ಲಿ ಇಳಿಯುವವನಿಗೆ ಬೇಕಾದದ್ದು ಮ್ಯಾಕ್‌ವರ್ತ್ ಗಡಿಯಾರದ ಗಮನವೇ. ನಿಮಿಷಗಟ್ಟಲೆ ಏನೂ ಆಗದ ರಸ್ತೆಯಲ್ಲಿ ಒಮ್ಮೆ ಮಾತ್ರ ಎದುರಾಗುವ ಲಾರಿಯ ದೀಪವನ್ನೋ ಕಡವೆಯ ಕಣ್ಣನ್ನೋ ಆ ಕ್ಷಣದಲ್ಲಿಯೇ ಹಿಡಿಯಬೇಕು. ಇತ್ತೀಚೆಗೆ ಬಾಡಿಗೆ ಕಾರುಗಳ ಮುಂಭಾಗದಲ್ಲಿ ‘ನಿದ್ದೆ ಓಡಿಸುವ’ ಪುದೀನ ಶೀಸೆಗಳು ತೂಗಾಡುತ್ತಿರುವುದನ್ನು ಕಾಣುತ್ತಿದ್ದೇನೆ. ಮದುವೆಯ ದಿಬ್ಬಣವೊಂದರಿಂದ ಮರಳುವಾಗ ನಮ್ಮ ಚಾಲಕ ಎರಡು ರಾತ್ರಿ ನಿದ್ದೆಗೆಟ್ಟಿದ್ದನೆಂದು ತಿಳಿದದ್ದು, ಅವನು ಮೂರನೆಯ ಬಾರಿ ಶೀಸೆಯನ್ನು ಮೂಗಿಗೆ ಹಿಡಿದಾಗ. ಮೂಸಿದ ಒಂದೆರಡು ನಿಮಿಷ ಅವನು ಚುರುಕಾಗಿಯೇ ಇದ್ದ, ಅಪಾಯವಿದ್ದದ್ದು ಆ ಚುರುಕಿನಲ್ಲಿಯೇ. ತಾನು ಎಚ್ಚರವಾಗಿದ್ದೇನೆಂಬ ಧೈರ್ಯದಲ್ಲಿ ಮುಂದಿನ ಊರಿನಲ್ಲಿ ನಿಲ್ಲಿಸುವ ಯೋಚನೆಯನ್ನು ಅವನು ಕೈಬಿಟ್ಟಿದ್ದ. ಬಾಕಿಯಿರುವ ನಿದ್ದೆಯನ್ನು ಯಾವ ತೈಲವೂ ತೀರಿಸುವುದಿಲ್ಲ. ಮೇಗರವಳ್ಳಿಯಲ್ಲಿ ಕಾರು ನಿಲ್ಲಿಸಿ ಅರ್ಧ ಗಂಟೆ ಮಲಗಿಸಿದೆವು. ದಿಬ್ಬಣದ ಹಿರಿಯರು ತಡವಾಯಿತೆಂದು ಗೊಣಗಿದರು.

ಅಪಾಯದ ಇನ್ನೊಂದು ಮಗ್ಗುಲನ್ನು ಸುತ್ತೋಲೆ ಮುಟ್ಟಿಯೇ ಇಲ್ಲ. ಭಟ್ಟಿ ಇಳಿಸಿದ ತೈಲವೆಂದರೆ ಸೊಪ್ಪಲ್ಲ, ಬುಟ್ಟಿಗಟ್ಟಲೆ ಸೊಪ್ಪಿನ ಸಾರ. ನೀಲಗಿರಿ ತೈಲ ಅಥವಾ ಕರ್ಪೂರದ ತೈಲವನ್ನು ಸಣ್ಣ ಮಗು ಸ್ವಲ್ಪವೇ ನುಂಗಿದರೂ ಮಂಪರು, ಫಿಟ್ಸ್ ಬರಬಹುದು. ಎಳೆಯ ಕೂಸುಗಳ ಮೂಗಿನ ಬಳಿ ಮೆಂಥಾಲ್ ಸವರಿದರೆ ಉಸಿರು ಕಟ್ಟುವ ಭಯವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು, ನೀಲಗಿರಿ ಮತ್ತು ಕರ್ಪೂರದ ತೈಲಗಳನ್ನು ಮೂಸಿದ ಅಥವಾ ಹಚ್ಚಿಕೊಂಡ ನಂತರ ಫಿಟ್ಸ್ ಕಾಣಿಸಿಕೊಂಡ ಪ್ರಕರಣಗಳನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ. ಮೂರ್ಛೆರೋಗವಿರುವ ಮಗು, ಉಬ್ಬಸವಿರುವ ಮಗು, ಯಾವುದೋ ಒಂದು ವಾಸನೆಗೆ ತಲೆನೋವು ಬರುವ ಮಗು ಒಂದು ತರಗತಿಯಲ್ಲಿ ಇದ್ದೇ ಇರುತ್ತದೆ. ಬೇಡವಾದದ್ದನ್ನು ನೋಡದಿರಲು ಕಣ್ಣು ಮುಚ್ಚಬಹುದು, ತರಗತಿಯ ಗಾಳಿಯನ್ನು ಉಸಿರಾಡದಿರಲು ಯಾವ ಮಗುವಿಗೆ ಸಾಧ್ಯ?

ಮನೆಯಲ್ಲಿ ಒಬ್ಬರು ತಮಗೆ ಹಿತವೆನಿಸಿದ ಒಂದು ಪರಿಮಳವನ್ನು ಬಿಡುವಿನ ನಡುವೆ ಒಮ್ಮೆ ಮೂಸಿ ಮತ್ತೆ ಕೆಲಸಕ್ಕೆ ಕೂರುವುದಕ್ಕೆ ನನ್ನ ಆಕ್ಷೇಪವಿಲ್ಲ, ನಾನೂ ಈ ಪತ್ರ ಬರೆಯುವಾಗ ಎರಡು ಬಾರಿ ಏಲಕ್ಕಿ ಬಿಡಿಸಿದ್ದೇನೆ. ಆಕ್ಷೇಪವಿರುವುದು ಅದನ್ನು ಕಡ್ಡಾಯ ಮಾಡುವುದಕ್ಕೆ, ಕೊಠಡಿಯ ಗಾಳಿಗೆ ಬೆರೆಸುವುದಕ್ಕೆ ಮತ್ತು ಶುಲ್ಕದಲ್ಲಿ ಸೇರಿಸುವುದಕ್ಕೆ. ಶಿಕ್ಷಣ ಇಲಾಖೆಯವರು ಪರೀಕ್ಷೆಯ ಈ ಕಾಲದಲ್ಲಿ ಶಾಲೆಗಳಿಗೂ ಮನೆಪಾಠದ ಕೇಂದ್ರಗಳಿಗೂ ಒಂದು ಸೂಚನೆ ಕಳುಹಿಸಿ, ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ತರಗತಿಯಲ್ಲಿ ಯಾವ ತೈಲವನ್ನೂ ಹರಡಬಾರದೆಂದು ತಿಳಿಸಬೇಕು. ತಮ್ಮ ಪತ್ರಿಕೆಯಲ್ಲಿ ಏಕಾಗ್ರತೆಯ ತೈಲಗಳ ಬಗ್ಗೆ ಬರಹಗಳು ಬರುವಾಗ, ಪ್ರಯೋಗದಲ್ಲಿ ಎಷ್ಟು ಮಂದಿಯಿದ್ದರು, ಅವರು ಮಾಡಿದ ಕೆಲಸವೇನು ಎಂಬ ಎರಡು ಸಾಲುಗಳನ್ನಾದರೂ ಸೇರಿಸಬೇಕೆಂದು ವಿನಂತಿಸುತ್ತೇನೆ.

ಕೊನೆಯದಾಗಿ, ಶೀಸೆಯ ಚೀಟಿ. ಮೊಮ್ಮಗಳ ಪೆಟ್ಟಿಗೆಯ ಮೇಲ್ಮೈಯಲ್ಲಿ ‘ಏಕಾಗ್ರತೆ’ ಎಂಬ ಪದ ಹೆಬ್ಬೆರಳಿನ ಗಾತ್ರದ ಕನ್ನಡ ಅಕ್ಷರಗಳಲ್ಲಿದೆ. ಸೇವಿಸಬಾರದು, ಕಣ್ಣಿಗೆ ತಾಗಿಸಬಾರದು, ಮಕ್ಕಳ ಕೈಗೆ ಸಿಗದಂತೆ ಇಡಬೇಕು ಎಂಬ ಎಚ್ಚರಿಕೆ ಶೀಸೆಯ ತಳದ ಬಳಿ ಇಂಗ್ಲಿಷಿನಲ್ಲಿ ಮಾತ್ರ ಇದೆ. ಅದನ್ನು ಓದಲು ನಾನು ಶಾಲೆಯಿಂದ ಬೀಳ್ಕೊಡುಗೆಯಾಗಿ ಬಂದ ಭೂತಗನ್ನಡಿಯನ್ನು ಪೆಟ್ಟಿಗೆಯಿಂದ ಹೊರತೆಗೆಯಬೇಕಾಯಿತು. ಆ ಎಚ್ಚರಿಕೆಯನ್ನೂ ಕನ್ನಡದಲ್ಲಿ, ‘ಏಕಾಗ್ರತೆ’ಯಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸುವಂತೆ ಸಂಬಂಧಪಟ್ಟವರು ಆದೇಶಿಸಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ